ಹತ್ತಿ ಹತ್ತಿದ್ದೂ ಸಂದು ಸೋರಿದ್ದೂ

ಪ್ಲಾಸ್ಟಿಕ್ಕಿನ ಐದು ಪಟ್ಟಿ ಕತ್ತರಿಸಿಕೊಳ್ಳಬೇಕು. ಒಂದೊಂದೂ 125 ಮಿಲಿಮೀಟರ್ ಉದ್ದ, 13 ಮಿಲಿಮೀಟರ್ ಅಗಲ. ದಪ್ಪ ಮಾತ್ರ ಅದರಿಂದ ಮಾಡುವ ಡಬ್ಬಿಯ ಗೋಡೆ ಎಷ್ಟಿದೆಯೋ ಅಷ್ಟೇ. ಪಟ್ಟಿಯ ಒಂದು ತುದಿಯನ್ನು ಕ್ಲ್ಯಾಂಪಿಗೆ ಸಿಕ್ಕಿಸಿ ನೆಟ್ಟಗೆ ಕೆಳಕ್ಕೆ ಇಳಿಬಿಡಬೇಕು. ಅದರಿಂದ 300 ಮಿಲಿಮೀಟರ್ ಕೆಳಗೆ ಒಂದಿಷ್ಟು ಹತ್ತಿ. 2 ಸೆಂಟಿಮೀಟರ್ ಎತ್ತರದ ನೀಲಿ ಜ್ವಾಲೆಯನ್ನು ಪಟ್ಟಿಯ ಬುಡಕ್ಕೆ 10 ಸೆಕೆಂಡ್ ಹಿಡಿದು ತೆಗೆಯಬೇಕು. ಆರಿದ ಮೇಲೆ ಮತ್ತೆ 10 ಸೆಕೆಂಡ್. ಪ್ರತಿ ಸಲವೂ 10 ಸೆಕೆಂಡಿನೊಳಗೆ ತಾನಾಗಿಯೇ ಆರಬೇಕು. ಐದೂ ಪಟ್ಟಿಗಳು ಉರಿದ ಹೊತ್ತನ್ನೆಲ್ಲ ಕೂಡಿದರೆ 50 ಸೆಕೆಂಡ್ ಮೀರಬಾರದು. ಉರಿಯುವ ಹನಿ ಬಿದ್ದು ಕೆಳಗಿನ ಹತ್ತಿ ಹೊತ್ತಿಕೊಳ್ಳಬಾರದು. ಇಷ್ಟಾದರೆ ಆ ಪ್ಲಾಸ್ಟಿಕ್ಕಿಗೆ ವಿ-ಝೀರೋ ಎಂಬ ಪಟ್ಟ. ಅಮೆರಿಕದ ಯುಎಲ್ 94 ಎಂಬ ಕಟ್ಟಳೆ ಇದು. ಬೆಂಗಳೂರಿನ ಪೀಣ್ಯದ ಮೋಲ್ಡಿಂಗ್ ಶೆಡ್ಡುಗಳಲ್ಲಿ ನಮಗೆಲ್ಲ ಬಾಯಿಪಾಠವಾಗಿತ್ತು.

1995ರಲ್ಲಿ ನಮ್ಮ ಐದು ಪಟ್ಟಿಗಳಲ್ಲಿ ಮೂರನೆಯದು ಹನಿಯಿತು. ಹನಿ ಹತ್ತಿಯ ಮೇಲೆ ಬಿದ್ದು ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಹತ್ತಿಯ ಅಂಚಿನಲ್ಲಿ ಕಂದು ಬಣ್ಣದ ಉಂಗುರವೊಂದು ಹರಡಿ, ಭಗ್ಗೆಂದಿತು.

"ಹತ್ತಿ ಹತ್ಕೊಳ್ತು ಸಾರ್" ಅಂದರು ಮೇಸ್ತ್ರಿ. ನಗು ಬರಬೇಕಾದ ಮಾತು, ಯಾರಿಗೂ ಬರಲಿಲ್ಲ. ವಿದೇಶಕ್ಕೆ ಹೋಗಬೇಕಿದ್ದ ಅಳತೆಯ ಉಪಕರಣವೊಂದರ ಡಬ್ಬಿ ಅದು. ಮೋಲ್ಡಿಗೆ ಹಾಕಿದ ದುಡ್ಡಿನ್ನೂ ಸಾಲದ ಪುಸ್ತಕದಲ್ಲೇ ಇತ್ತು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಬೆಂಕಿ ತಡೆಯುವ ಎಫ್ಆರ್ ಗ್ರೇಡಿನ ದಾನಕ್ಕೆ, ಅಂದರೆ ಪ್ಲಾಸ್ಟಿಕ್ ಕಾಳಿಗೆ, ಮಾಮೂಲಿ ಎಬಿಎಸ್‌ಗಿಂತ ಬೆಲೆ ಜಾಸ್ತಿ. ಹಾಗಾಗಿ ಮೋಲ್ಡಿನ ಕಾಲುವೆಗಳಲ್ಲಿ ಉಳಿದ ರನ್ನರುಗಳನ್ನು, ರಿಜೆಕ್ಟ್ ಆದ ಪೀಸುಗಳನ್ನು ಗ್ರೈಂಡರಿಗೆ ಹಾಕಿ ಹೊಸ ದಾನದ ಜೊತೆ ಬೆರೆಸುವುದು ಎಲ್ಲ ಶೆಡ್ಡಿನ ಪದ್ಧತಿ. ನಮ್ಮಲ್ಲಿ ಎಫ್ಆರ್ ಪುಡಿಯ ಚೀಲದ ಪಕ್ಕದಲ್ಲೇ ಮಾಮೂಲಿ ಎಬಿಎಸ್ ಪುಡಿಯ ಚೀಲವೂ ಇತ್ತು. ಎರಡೂ ಬೂದು ಬಣ್ಣ. ರಾತ್ರಿ ಪಾಳಿಯ ಹುಡುಗ ಯಾವುದಕ್ಕೆ ಕೈ ಹಾಕಿದನೋ ಅವನಿಗೂ ಗೊತ್ತಿಲ್ಲ. ಬ್ಯಾಚ್ ಕಾರ್ಡಿಗೆ ಸಹಿ ಹಾಕಿದ್ದು ಮಾತ್ರ ನಾನು.

ಇಂಥ ಡಬ್ಬಿಗಳಿಗೆ ಇಷ್ಟೆಲ್ಲ ಪಾಡು ಬಂದದ್ದೇ ತಗಡನ್ನು ಬಿಟ್ಟದ್ದರಿಂದ. ತಗಡಿನ ಡಬ್ಬಿ ಎರಡು ಕೆಲಸಗಳನ್ನು ಯಾರೂ ಕೇಳದೆಯೇ ಮಾಡುತ್ತಿತ್ತು. ಅದು ಉರಿಯುತ್ತಿರಲಿಲ್ಲ. ಒಳಗಿನ ವಿದ್ಯುತ್ಕಾಂತೀಯ ಗಲಾಟೆಯನ್ನು ಹೊರಗೆ, ಹೊರಗಿನದನ್ನು ಒಳಗೆ ಬಿಡುತ್ತಿರಲಿಲ್ಲ. ಲೋಹದ ಪಂಜರದೊಳಗೆ ವಿದ್ಯುತ್ತಿನ ಕಾಟ ಮುಟ್ಟುವುದಿಲ್ಲವೆಂದು ಮೈಕೆಲ್ ಫ್ಯಾರಡೆ 1836ರಲ್ಲೇ ತೋರಿಸಿಕೊಟ್ಟಿದ್ದ. ಪ್ಲಾಸ್ಟಿಕ್ ಅಗ್ಗ, ಹಗುರ, ಬೇಕಾದ ಆಕಾರ ಕೊಡುತ್ತದೆ, ತುಕ್ಕು ಹಿಡಿಯುವುದಿಲ್ಲ. ಆದರೆ ಮೂಲದಲ್ಲಿ ಅದು ಪೆಟ್ರೋಲಿಯಂನ ಮಗು, ಉರಿಯುವುದು ಅದರ ಹುಟ್ಟುಗುಣ. ರೇಡಿಯೋ ಅಲೆಗಳ ಪಾಲಿಗಂತೂ ಅದು ಗಾಜಿನ ಕಿಟಕಿ.

ಅಲೆಗಳ ಗಲಾಟೆ ಅಂದರೆ ಏನೆಂದು ನನ್ನ ವಯಸ್ಸಿನವರಿಗೆ ಪಾಠ ಹೇಳಬೇಕಿಲ್ಲ. 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಶುರುವಾಯಿತು. ಮುಂದಿನ ಹತ್ತು ವರ್ಷ ಭಾನುವಾರದ ಸಿನಿಮಾ ನೋಡುವಾಗ ಬೀದಿಯಲ್ಲಿ ಸ್ಕೂಟರ್ ಹೋದರೆ ರಾಜ್‌ಕುಮಾರ್ ಮುಖದ ಮೇಲೆ ಬಿಳಿ ಚುಕ್ಕೆಗಳ ಸಾಲು ಹಾದುಹೋಗುತ್ತಿತ್ತು. ಸ್ಪಾರ್ಕ್ ಪ್ಲಗ್ಗಿನ ಕಿಡಿ ಕಿಡಿಯೂ ಒಂದು ಪುಟ್ಟ ಪ್ರಸಾರ ಕೇಂದ್ರ. ಪಕ್ಕದ ಮನೆಯವರು ಚಟ್ನಿಗೆ ಮಿಕ್ಸಿ ಹಾಕಿದರೆ 612 ಕಿಲೋಹರ್ಟ್ಸಿನ ಆಕಾಶವಾಣಿಯಲ್ಲಿ ವಾರ್ತೆ ಓದುವವರ ದನಿ ಕರ್ರೆಂದು ಮುಳುಗುತ್ತಿತ್ತು. ಆಗ ಅದು ತಮಾಷೆ, ಹೆಚ್ಚೆಂದರೆ ಜಗಳ. ಡಬ್ಬಿಯೊಳಗೆ ಮೈಕ್ರೋಪ್ರೊಸೆಸರ್ ಕೂತ ಮೇಲೆ ಕಾನೂನಿನ ವಿಷಯವಾಯಿತು. 1979ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ ಕಂಪ್ಯೂಟರುಗಳು ಎಷ್ಟು ಅಲೆ ಹೊರಸೂಸಬಹುದೆಂದು ಮಿತಿ ಹಾಕಿತು. ಯುರೋಪಿನಲ್ಲಿ ಇಂಥ ಮಿತಿ 1996ರ ಜನವರಿ 1ರಿಂದ ಕಡ್ಡಾಯ. ನಮ್ಮ ಡಬ್ಬಿಗೆ ಅವಸರವಿದ್ದದ್ದು ಈ ತಾರೀಖಿನಿಂದಲೇ.

ಹೀಗಾಗಿ ಒಂದು ಡಬ್ಬಿ ಮೂರು ಕೈ ದಾಟುತ್ತಿತ್ತು. ಮೋಲ್ಡಿಂಗ್ ನಮ್ಮದು. ಬೆಂಕಿ ತಡೆಯುವ ಮದ್ದು ದಾನದೊಳಗೇ ಬಂದಿರುತ್ತಿತ್ತು, ಅದು ದಾನದ ಕಂಪನಿಯದು. ಅಲೆ ತಡೆಯುವುದಕ್ಕೆ ಡಬ್ಬಿಯ ಒಳಮೈಗೆ ನಿಕ್ಕಲ್ ಪುಡಿ ಬೆರೆಸಿದ ಬಣ್ಣ ಹೊಡೆಸಬೇಕು, ಅದು ಎರಡು ರಸ್ತೆ ಆಚೆಯ ಪೇಂಟ್ ಶಾಪಿನ ಜಾಬ್ ವರ್ಕ್.

ಆ ಪೇಂಟ್ ಶಾಪನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರು ಅಲ್ಲಿ ಒಂದು ದಿನ ನಿಂತಿರಲಿಕ್ಕಿಲ್ಲ. ಆರೇಳು ಹೆಂಗಸರು ನೆಲದ ಮೇಲೆ ಕೂತು, ಬಣ್ಣ ಬೀಳಬಾರದ ಜಾಗಗಳಿಗೆಲ್ಲ ಟೇಪ್ ಅಂಟಿಸುತ್ತಿದ್ದರು. ಬ್ಲೇಡಿನಿಂದ ಟೇಪ್ ಕತ್ತರಿಸುವ ಅವರ ಕೈವೇಗ ನೋಡುವಂಥದ್ದು, ನಿಜ. ಆದರೆ ಒಬ್ಬಾಕೆಯ ಮುಂಗೈ ತುಂಬ ಕೆಂಪು ಗುಳ್ಳೆ. ನಿಕ್ಕಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲವೆಂಬುದು ವೈದ್ಯರಿಗೆ ಹಳೆಯ ಸಂಗತಿ, ಆ ಶೆಡ್ಡಿಗೆ ಮಾತ್ರ ಹೊಸದು. ಸ್ಪ್ರೇ ಮಾಡುವ ಹುಡುಗ ಮೂಗಿಗೆ ಕರ್ಚೀಫ್ ಕಟ್ಟಿಕೊಳ್ಳುತ್ತಿದ್ದ. ಸಂಜೆ ಆ ಕರ್ಚೀಫು ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು.

ಬಣ್ಣದ ತಂಟೆ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಥಿನ್ನರ್ ಜೋರಾದರೆ ಎಬಿಎಸ್ ಸ್ಕ್ರೂ ಕೂರುವ ಕಡೆ ಕೂದಲೆಳೆಯ ಬಿರುಕು ಬಿಡುತ್ತದೆ. ಬಣ್ಣ ಸರಿಯಾಗಿ ಹಿಡಿಯದಿದ್ದರೆ ವರ್ಷ ಕಳೆದ ಮೇಲೆ ಹಕ್ಕಳೆ ಎದ್ದು ಸರ್ಕ್ಯೂಟ್ ಬೋರ್ಡಿನ ಮೇಲೆ ಉದುರುತ್ತದೆ. ಹಕ್ಕಳೆ ಲೋಹದ್ದು, ಉದುರಿದ ಕಡೆ ಶಾರ್ಟ್. ಅಲೆ ತಡೆಯಲಿ ಎಂದು ಹೊಡೆಸಿದ ಬಣ್ಣ ಬೆಂಕಿಗೆ ದಾರಿ ಮಾಡಿಕೊಟ್ಟ ಹಾಗೆ.

ಬೆಂಕಿಯ ಮದ್ದೇನು ಸಾಧುವಾಗಿತ್ತೆ? ಆಗಿನ ಎಫ್ಆರ್ ದಾನದಲ್ಲಿದ್ದದ್ದು ಬ್ರೋಮಿನ್ ಸಂಯುಕ್ತ, ಜೊತೆಗೆ ಆಂಟಿಮನಿ ಟ್ರೈಆಕ್ಸೈಡ್. ಉರಿ ಎನ್ನುವುದು ಬಾಯಿಂದ ಬಾಯಿಗೆ ಹಬ್ಬುವ ಗಾಳಿಸುದ್ದಿಯ ಹಾಗೆ. ಜ್ವಾಲೆಯೊಳಗಿನ ಚುರುಕಾದ ಹೈಡ್ರೊಜನ್, ಹೈಡ್ರಾಕ್ಸಿಲ್ ಕಣಗಳು ಒಂದು ಇನ್ನೊಂದನ್ನು ಕೆರಳಿಸುತ್ತ ಹೋಗುತ್ತವೆ. ಬ್ರೋಮಿನ್ ನಡುವೆ ನುಗ್ಗಿ ಅವುಗಳ ಬಾಯಿ ಮುಚ್ಚಿಸುತ್ತದೆ, ಆಂಟಿಮನಿ ಅದಕ್ಕೆ ಒತ್ತಾಸೆ. ಕೆಲಸ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕರೆಂಟ್ ಹೋಗಿ ದಾನ ಬ್ಯಾರಲ್ಲಿನೊಳಗೆ ಬಿಸಿಯಲ್ಲೇ ಕೂತರೆ ಕೊಳೆಯಲು ಶುರು. ಪೀಸಿನ ಮೇಲೆ ಕಂದು ಗೀರು, ಕಪ್ಪು ಚುಕ್ಕೆ. ನಾಝಲ್ಲಿನಿಂದ ಬರುವ ಹೊಗೆಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಅದರ ಆಮ್ಲಕ್ಕೆ ಮೋಲ್ಡಿನ ಪಾಲಿಶ್ ಮಾಡಿದ ಉಕ್ಕಿನ ಮೈಮೇಲೆ ಸಿಡುಬಿನ ಕಲೆಯಂಥ ಗುಂಡಿಗಳು ಏಳುತ್ತಿದ್ದವು. ಉಕ್ಕನ್ನೇ ತಿಂದದ್ದು ನಮ್ಮ ಶ್ವಾಸಕೋಶಕ್ಕೆ ಏನು ಮಾಡುತ್ತದೆಂದು ಮೇಸ್ತ್ರಿ ಒಮ್ಮೆ ಕೇಳಿದ್ದರು. ಹಾಲು ಕುಡಿಯಿರಿ ಎಂದರು ಯಜಮಾನರು. ಪ್ಲಾಸ್ಟಿಕ್ ಶೆಡ್ಡುಗಳಲ್ಲಿ ಹಾಲು, ಬೆಲ್ಲಗಳೇ ಆಗಿನ ಸುರಕ್ಷತಾ ನೀತಿ.

ಈ ಬ್ರೋಮಿನ್ ಮದ್ದುಗಳ ಹಗರಣ ಅಮೆರಿಕದಲ್ಲಿ ಅದಕ್ಕೂ ಇಪ್ಪತ್ತು ವರ್ಷ ಮೊದಲೇ ನಡೆದಿತ್ತು. 1973ರಲ್ಲಿ ಮಿಷಿಗನ್ ರಾಜ್ಯದಲ್ಲಿ ಫೈರ್‌ಮಾಸ್ಟರ್ ಎಂಬ ಬೆಂಕಿ ತಡೆಯುವ ಪುಡಿಯ ಚೀಲಗಳು ನ್ಯೂಟ್ರಿಮಾಸ್ಟರ್ ಎಂಬ ದನದ ಮೇವಿನ ಪುಡಿಯ ಚೀಲಗಳ ಜಾಗಕ್ಕೆ ಹೋದವು. ದನ ತಿಂದವು, ಹಾಲು ಮಾಂಸಗಳ ಮೂಲಕ ಜನರ ಮೈ ಸೇರಿತು, ಸಾವಿರಾರು ದನಗಳನ್ನು ಕೊಂದು ಹೂಳಬೇಕಾಯಿತು. ಎರಡು ಚೀಲ, ಒಂದೇ ಥರದ ಪುಡಿ, ಯಾರದೋ ಕೈ. ಇದನ್ನು ಓದಿದಾಗ ನನಗೆ ನಮ್ಮ ಗ್ರೈಂಡರ್ ಪಕ್ಕದ ಎರಡು ಬೂದು ಚೀಲಗಳು ನೆನಪಾದವು. 2006ರ ಜುಲೈ 1ರಿಂದ ಯುರೋಪು ಈ ಕುಲದ ಎರಡು ಗುಂಪಿನ ಮದ್ದುಗಳು ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಶೇ. 0.1ಕ್ಕಿಂತ ಹೆಚ್ಚು ಇರಕೂಡದೆಂದಿತು. 2012ರ ಮೇ ತಿಂಗಳಲ್ಲಿ ಜಾರಿಗೆ ಬಂದ ನಮ್ಮ ಇ-ತ್ಯಾಜ್ಯ ನಿಯಮಗಳ ಮೂಲಕ ಅದೇ ಮಿತಿ ಇಲ್ಲಿಗೂ ಬಂತು. ಹಳೆಯ ಟಿವಿ, ಕಂಪ್ಯೂಟರುಗಳ ಕವಚಗಳು ಮಾತ್ರ ಗುಜರಿಗೆ ಹೋಗಿ, ಪುಡಿಯಾಗಿ, ಕಪ್ಪು ಬಣ್ಣ ಬಳಿದುಕೊಂಡು ಮತ್ತೆ ಆಟದ ಸಾಮಾನು, ಅಡುಗೆಮನೆಯ ಸಟುಗಗಳಾಗಿ ಬಂದಿರುವುದನ್ನು ಪ್ರಯೋಗಾಲಯಗಳು ಪತ್ತೆ ಹಚ್ಚಿವೆ. ನಾನು ಕಪ್ಪು ಪ್ಲಾಸ್ಟಿಕ್ ಸಟುಗ ಕೊಳ್ಳುವುದಿಲ್ಲ. ಮನೆಯಲ್ಲಿ ಇದನ್ನು ಹುಚ್ಚು ಅನ್ನುತ್ತಾರೆ.

ಮತ್ತೆ ನಮ್ಮ ಡಬ್ಬಿಯ ವಿಷಯ. ಹತ್ತಿಯ ಪರೀಕ್ಷೆ ಎರಡನೇ ಸಲ ಪಾಸಾಯಿತು. ಪುಡಿ ಬೆರೆಸುವುದನ್ನು ನಿಲ್ಲಿಸಿದೆವು, ಅಷ್ಟೇ. ಆಮೇಲೆ ಅಲೆಗಳ ಪರೀಕ್ಷೆ. ಊರಾಚೆ ಸುತ್ತಮುತ್ತ ಏನೂ ಇಲ್ಲದ ಬಯಲು. 80 ಸೆಂಟಿಮೀಟರ್ ಎತ್ತರದ ಮರದ ಮೇಜಿನ ಮೇಲೆ ಉಪಕರಣ ಇಟ್ಟು, ಮೇಜನ್ನು ಸುತ್ತ ತಿರುಗಿಸುತ್ತ, ದೂರದ ಕಂಬದಲ್ಲಿ ಆಂಟೆನಾವನ್ನು 1 ಮೀಟರಿನಿಂದ 4 ಮೀಟರಿನವರೆಗೆ ಏರಿಸಿ ಇಳಿಸಿ ಅಳೆಯುತ್ತಾರೆ. ಪರದೆಯ ಮೇಲೆ ಗೆರೆ ಹುಲ್ಲಿನ ಹಾಗೆ ತಗ್ಗಿನಲ್ಲಿರಬೇಕು. ನಮ್ಮದು ಅಲ್ಲಲ್ಲಿ ತೆಂಗಿನ ಮರದಂತೆ ಎದ್ದು ನಿಂತಿತ್ತು.

ನನಗೆ ಬಣ್ಣದ ಮೇಲೆ ಅನುಮಾನ. ಮೀಟರ್ ಹಿಡಿದು ಒಳಮೈಯ ಮೂಲೆ ಮೂಲೆ ಅಳೆದೆ. ರೋಧ 1 ಓಮ್ ಸಹ ಇಲ್ಲ, ಬಣ್ಣ ಚೆನ್ನಾಗಿಯೇ ಇದೆ. ಅಲ್ಲಿದ್ದ ಎಂಜಿನಿಯರ್ ತಲೆಗೂದಲೆಲ್ಲ ಬೆಳ್ಳಗಾದವರು. ನನ್ನನ್ನು ಸ್ವಲ್ಪ ಹೊತ್ತು ಒದ್ದಾಡಲು ಬಿಟ್ಟು ಕೇಳಿದರು: "ಫಾಯಿಲ್ ತಂದಿದೀರೇನ್ರಿ? ಚಪಾತಿ ಸುತ್ತೋ ಫಾಯಿಲ್?"

ತಂದಿರಲಿಲ್ಲ. ಅವರೇ ಡ್ರಾಯರಿನಿಂದ ತೆಗೆದು, ಡಬ್ಬಿಯ ಮುಚ್ಚಳ ಕೂರುವ ಸಂದಿನ ಸುತ್ತ ಒಂದು ಪಟ್ಟಿ ಸುತ್ತಿ ಹೆಬ್ಬೆರಳಿನಿಂದ ಒತ್ತಿದರು. ತೆಂಗಿನ ಮರಗಳು ಮಲಗಿದವು. ಫಾಯಿಲನ್ನು ಒಂದೊಂದೇ ಬದಿಯಿಂದ ಬಿಚ್ಚುತ್ತ ಹೋದರು. ಬಲಬದಿ ಬಿಚ್ಚಿದಾಗ ಮರಗಳು ಮತ್ತೆ ಎದ್ದವು. ಆ ಬದಿಯಲ್ಲಿ ಎರಡು ಸ್ಕ್ರೂಗಳ ನಡುವೆ 22 ಸೆಂಟಿಮೀಟರ್ ಅಂತರ. ಒಳಗೆ ಬೆಳಕು ಸಹ ಕಾಣದಷ್ಟು ಕಿರಿದಾದ ಸಂದು. "ಸಂದಿನ ಅಗಲ ನೋಡ್ಬೇಡಿ, ಉದ್ದ ನೋಡಿ" ಎಂದರು. 300 ಮೆಗಾಹರ್ಟ್ಸಿನಲ್ಲಿ ಅಲೆಯ ಉದ್ದ 1 ಮೀಟರ್. ಅದರ ಅರ್ಧದಷ್ಟು ಉದ್ದದ ಸೀಳಿದ್ದರೆ ಅದೇ ಒಂದು ಒಳ್ಳೆಯ ಆಂಟೆನಾ. ಅಲೆಯುದ್ದದ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಉದ್ದ ಬಿಡಬಾರದೆಂಬುದು ಕಸುಬಿನ ಲೆಕ್ಕ. ಮುಚ್ಚಳದ ಅಂಚಿನಲ್ಲಿ ಬಣ್ಣಕ್ಕೆ ಬಣ್ಣ ತಾಗದಂತೆ ಪೇಂಟ್ ಶಾಪಿನ ಹೆಂಗಸರು ಅಚ್ಚುಕಟ್ಟಾಗಿ ಟೇಪ್ ಬೇರೆ ಅಂಟಿಸಿದ್ದರು. ಡ್ರಾಯಿಂಗಿನಲ್ಲಿ ಹಾಗೆಯೇ ಇತ್ತು, ಡ್ರಾಯಿಂಗ್ ನೋಡಿ ಓಕೆ ಅಂದವನೂ ನಾನೇ. ನಾಲ್ಕು ಸ್ಕ್ರೂ ಇದ್ದ ಕಡೆ ಹನ್ನೆರಡಾಯಿತು. ಮೋಲ್ಡಿಗೆ ಮತ್ತೆ ದುಡ್ಡು.

ಆ ಶೆಡ್ಡು ಈಗಿಲ್ಲ. ಜಾಗದಲ್ಲಿ ಗೋಡೌನಿದೆ. ಮೇಸ್ತ್ರಿ ಊರಿಗೆ ಹೋಗಿ ಟೊಮೆಟೊ ಹಾಕಿದರು ಎಂದಷ್ಟೇ ಗೊತ್ತು.

ನನ್ನ ಅಣ್ಣನ ಮಗಳು ಬೆಂಗಳೂರಿನ ಹೊರವಲಯದಲ್ಲಿ ವಿದ್ಯುತ್ ವಾಹನಗಳ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ಮಾಡುವ ಕಡೆ ಕೆಲಸಕ್ಕಿದ್ದಾಳೆ. 2022ರಲ್ಲಿ ಸ್ಕೂಟರುಗಳು ಅಲ್ಲಲ್ಲಿ ನಿಂತಲ್ಲೇ ಹೊತ್ತಿಕೊಂಡ ಮೇಲೆ ಸರ್ಕಾರ ಎಐಎಸ್ 156 ಎಂಬ ಬ್ಯಾಟರಿ ನಿಯಮವನ್ನು ಬಿಗಿ ಮಾಡಿ, ಅದೇ ಡಿಸೆಂಬರಿನಿಂದ ಜಾರಿಗೆ ತಂದಿತು. ಬೆಂಕಿ ಒಂದು ಕಡೆಯಾದರೆ, ಬ್ಯಾಟರಿಯಿಂದ ಮೋಟರಿಗೆ ಕರೆಂಟು ಹಾಯಿಸುವ ಇನ್ವರ್ಟರು ಒಂದೇ ಸಮ ಆನ್ ಆಫ್ ಆಗುತ್ತ ಎಬ್ಬಿಸುವ ಗದ್ದಲ ಇನ್ನೊಂದು ಕಡೆ. ಕೆಲವು ಕಾರು ಕಂಪನಿಗಳು ತಮ್ಮ ವಿದ್ಯುತ್ ಕಾರುಗಳಿಂದ ಎಎಂ ರೇಡಿಯೋವನ್ನೇ ಕಿತ್ತುಹಾಕಿದವು. ಅಲ್ಲಿಗೆ 612 ಕಿಲೋಹರ್ಟ್ಸಿಗೆ ಮಿಕ್ಸಿಯ ಕಾಟ ತಪ್ಪಿತು ಅನ್ನಿ, ರೇಡಿಯೋನೇ ಇಲ್ಲವಲ್ಲ.

ಅವಳ ಮುಚ್ಚಳಕ್ಕೆ ಬಣ್ಣ ಇಲ್ಲ. ದಾನವೇ ಎರಡೂ ಕೆಲಸ ಮಾಡುತ್ತದೆ. ಕಳೆದ ಯುಗಾದಿಗೆ ಮನೆಗೆ ಬಂದಾಗ ಅಂಗೈ ಅಗಲದ ಕಪ್ಪು ತುಂಡೊಂದನ್ನು ತಂದಿದ್ದಳು. ಬ್ರೋಮಿನ್ ಇಲ್ಲ, ರಂಜಕ ಮತ್ತು ಸಾರಜನಕದ ಮದ್ದು, ಜೊತೆಗೆ ಗ್ರ್ಯಾಫೈಟ್, ಸ್ವಲ್ಪ ಕಾರ್ಬನ್ ನ್ಯಾನೋ ಕೊಳವೆ. ಮಸಿಯ ಜಾತಿಯ ಪುಡಿ ಬೆರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುತ್ತದೆಂದು ನಮಗೂ ಗೊತ್ತಿತ್ತು. ಆದರೆ ಎಷ್ಟು ಬೆರೆಸಬೇಕು ಎಂಬುದೇ ತೊಡಕು. ಆರ್‌ಸಿಸಿ ಹಾಕುವ ದಿನ ಬಾಂಡ್ಲಿ ಕೈಯಿಂದ ಕೈಗೆ ಹೋಗುತ್ತದಲ್ಲ, ಸಾಲಿನಲ್ಲಿ ನಾಲ್ಕು ಆಳು ಕಡಿಮೆಯಿದ್ದರೆ ಒಂದು ಬಾಂಡ್ಲಿಯೂ ಮೇಲೆ ತಲುಪುವುದಿಲ್ಲ, ಸಾಲು ಪೂರ್ತಿಯಾದ ಕ್ಷಣ ಎಲ್ಲವೂ ಹೋಗುತ್ತದೆ. ಮಸಿಯೂ ಹಾಗೆ. ಕಣಕ್ಕೆ ಕಣ ತಾಗುವವರೆಗೆ ಏನೂ ಇಲ್ಲ, ತಾಗಿತೋ ಒಮ್ಮೆಲೇ ದಾರಿ. ಹಳೆಯ ಮಸಿಯನ್ನು ಅಷ್ಟು ಸುರಿದರೆ ಡಬ್ಬಿ ಹಪ್ಪಳದ ಹಾಗೆ ಮುರಿಯುತ್ತಿತ್ತು. ನ್ಯಾನೋ ಕೊಳವೆಗಳು ಉದ್ದುದ್ದ ಕೈಯ ಆಳುಗಳು, ಕೆಲವೇ ಸಾಕು. ಎರಡು ಜಾತಿಯ ಪ್ಲಾಸ್ಟಿಕ್ ಬೆರೆಸಿ, ಕೊಳವೆಗಳೆಲ್ಲ ಒಂದರಲ್ಲೇ ಕೂರುವಂತೆ ಮಾಡಿದರೆ ಇನ್ನೂ ಕಡಿಮೆ ಸಾಕು. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸೂರ್ಯಸಾರಥಿ ಬೋಸ್ ಅವರ ತಂಡ ಇಂಥ ಮಿಶ್ರಣಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ.

ತಗಡಿಗೂ ಇದಕ್ಕೂ ಇನ್ನೊಂದು ವ್ಯತ್ಯಾಸವಿದೆ. ತಗಡು ಅಲೆಯನ್ನು ವಾಪಸು ತಳ್ಳುತ್ತದೆ, ಆ ಅಲೆ ಡಬ್ಬಿಯೊಳಗೇ ಅಡ್ಡಾಡಿ ಪಕ್ಕದ ಬೋರ್ಡಿಗೆ ಕಾಟ ಕೊಡುತ್ತದೆ. ಇಂಗಾಲದ ಮಿಶ್ರಣಗಳನ್ನು ಸರಿಯಾಗಿ ಹೆಣೆದರೆ ಅಲೆಯ ದೊಡ್ಡ ಪಾಲನ್ನು ಹೀರಿ ಬಿಸಿ ಮಾಡಿ ಮುಗಿಸುತ್ತವೆ. 20 ಡೆಸಿಬೆಲ್ ಅಂದರೆ ನೂರರಲ್ಲಿ 99 ಪಾಲು ನಿಂತಿತು, 40 ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಆಚೆ ಹೋಯಿತು. 2016ರಲ್ಲಿ ಎಂಎಕ್ಸೀನ್ ಎಂಬ ಟೈಟಾನಿಯಂ-ಇಂಗಾಲದ ಪದರಗಳಿಂದ ಮಾಡಿದ 45 ಮೈಕ್ರೊಮೀಟರಿನ ಹಾಳೆಯೊಂದು 92 ಡೆಸಿಬೆಲ್ ತಡೆಯಿತೆಂದು ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯ ಮತ್ತು ಕೊರಿಯಾದ ಸಂಶೋಧಕರು ಬರೆದಾಗ ಈ ಕ್ಷೇತ್ರದವರೆಲ್ಲ ಕಣ್ಣರಳಿಸಿದರು. ಆದರೆ ಅದು ತೇವದ ಗಾಳಿಯಲ್ಲಿ ಕೆಡುತ್ತದೆ, ಮಾಡಲು ಘೋರವಾದ ಆಮ್ಲ ಬೇಕು. "ಪೇಪರಲ್ಲಿ ಚೆನ್ನಾಗಿದೆ ಚಿಕ್ಕಪ್ಪ, ಮಂಗಳೂರಿನ ಮಳೆಗಾಲಕ್ಕೆ ಆಗಲ್ಲ" ಅಂದಳು ಅಣ್ಣನ ಮಗಳು. ಈ ಮಾತು ನನಗೆ ಹಿಡಿಸಿತು.

ತುಂಡನ್ನು ತಾರಸಿಗೆ ಒಯ್ದು, ಇಕ್ಕಳದಲ್ಲಿ ಹಿಡಿದು, ಒಂದು ಮೂಲೆಗೆ ಗ್ಯಾಸ್ ಟಾರ್ಚ್ ತೋರಿಸಿದೆ. ಹನಿಯಲಿಲ್ಲ. ಮೈ ಉಬ್ಬಿತು. ದೀಪಾವಳಿಯ ಹಾವಿನ ಮಾತ್ರೆ ಹಚ್ಚಿದಾಗ ಕಪ್ಪು ಹಾವು ಸುರುಳಿ ಸುರುಳಿಯಾಗಿ ಏಳುತ್ತದಲ್ಲ, ಹಾಗೆ ಗ್ರ್ಯಾಫೈಟಿನ ಪುಟ್ಟ ಹುಳುಗಳು ಎದ್ದು ಒಂದರ ಮೇಲೊಂದು ಹೊದಿಕೆಯಾದವು. ಆ ಹೊದಿಕೆಯಡಿ ಪ್ಲಾಸ್ಟಿಕ್ಕಿಗೆ ಗಾಳಿಯೂ ಇಲ್ಲ, ಬಿಸಿಯೂ ತಲುಪದು. ಟಾರ್ಚ್ ತೆಗೆದೆ. ಮೂರೆಣಿಸುವಷ್ಟರಲ್ಲಿ ಆರಿತು. ಕಣ್ಣು ಉರಿಯಲಿಲ್ಲ. ಮೂವತ್ತು ವರ್ಷದಲ್ಲಿ ನಾನು ಕಂಡ ಪಟ್ಟಿಗಳಲ್ಲಿ ಇಷ್ಟು ಸಲೀಸಾಗಿ ಆರಿದ್ದು ಕಡಿಮೆ. ಕರೆಂಟಿಗೆ ದಾರಿಯಾಗುವ ಇಂಗಾಲವೇ ಬೆಂಕಿಗೆ ಹೊದಿಕೆಯಾಗುವುದು, ಎರಡು ಕೆಲಸ ಒಂದೇ ಪುಡಿಯಲ್ಲಿ ಕೂಡಿಬಂದದ್ದು ಇಲ್ಲೇ. ಆ ಹೆಂಗಸಿನ ಮುಂಗೈಯ ಗುಳ್ಳೆಗಳ ಕಾಲಕ್ಕೆ ಇದು ಇರಬೇಕಿತ್ತು ಅನ್ನಿಸಿದ್ದು ನಿಜ. ಅಂದರೆ ಇದರಲ್ಲಿ ತಂಟೆಯಿಲ್ಲವೆಂದಲ್ಲ. ಬಣ್ಣ ಕೇಳಿದರೆ ಕಪ್ಪೊಂದೇ. ನ್ಯಾನೋ ಪುಡಿಯ ಚೀಲ ಬಿಚ್ಚುವ ಕೆಲಸಗಾರ ಉಸಿರಾಡುವುದೇನು ಎಂಬುದಕ್ಕೆ ಅವಳ ಕಂಪನಿಯಲ್ಲಿ ಮುಖಗವಸು, ಗಾಳಿ ಎಳೆಯುವ ಯಂತ್ರ ಇವೆಯಂತೆ. ದಾನ ಪೂರೈಸುವವರ ಕಡೆ ಹೇಗೋ, ಅವಳು ಹೋಗಿ ನೋಡಿಲ್ಲ.

ಆಮೇಲೆ ಅವಳ ಬ್ಯಾಗಿನಿಂದ ಇನ್ನೊಂದು ಹೊರಬಂತು. ಅದೇ ಸರಕಿನಲ್ಲಿ ಮಾಡಿದ, ಟಿಫಿನ್ ಬಾಕ್ಸಿನಷ್ಟು ದೊಡ್ಡ ಮಾದರಿ ಪೆಟ್ಟಿಗೆ, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಗೋಡೆ ಎಷ್ಟು ತಡೆಯುತ್ತದೆಂದು ಕೇಳಿದೆ. ನಲವತ್ತರ ಮೇಲೆ ಅಂದಳು. ನನ್ನ ಫೋನನ್ನು ಒಳಗಿಟ್ಟು ಮುಚ್ಚಳ ಬಿಗಿದು, ಅವಳ ಫೋನಿನಿಂದ ಕರೆ ಮಾಡಿಸಿದೆ. ಒಂದು ಗಳಿಗೆ ಸುಮ್ಮನಿದ್ದು ಪೆಟ್ಟಿಗೆ ಗುಂಯ್ ಎಂದು ನಡುಗಲು ಶುರುವಾಯಿತು.

"ಸಂದು" ಅಂದೆ.

"ಗೊತ್ತು ಚಿಕ್ಕಪ್ಪ. ಗ್ಯಾಸ್ಕೆಟ್ ಇನ್ನೂ ಹಾಕಿಲ್ಲ."

"ಸ್ಕ್ರೂ ಎಷ್ಟು ದೂರ?"

"ಹದಿನಾಲ್ಕು ಸೆಂಟಿಮೀಟರ್."

ಫೋನು ಬಳಸುವ 1,800 ಮೆಗಾಹರ್ಟ್ಸಿನ ಸುಮಾರಿಗೆ ಅಲೆ 16 ಸೆಂಟಿಮೀಟರ್ ಚಿಲ್ಲರೆ. ಇಪ್ಪತ್ತರಲ್ಲಿ ಒಂದು ಪಾಲು ಅಂದರೆ 8 ಮಿಲಿಮೀಟರ್. ಅಷ್ಟು ಹತ್ತಿರ ಸ್ಕ್ರೂ ಹಾಕಲು ಯಾರಿಂದಲೂ ಆಗದು, ಕರೆಂಟು ಹರಿಯುವ ರಬ್ಬರಿನ ಗ್ಯಾಸ್ಕೆಟ್ಟೇ ಗತಿ. ಈಗಿನ ಕಾರುಗಳ 77 ಗಿಗಾಹರ್ಟ್ಸಿನ ರೇಡಾರಿನ ಅಲೆಯಂತೂ ಪೂರ್ತಿ ಉದ್ದವೇ 4 ಮಿಲಿಮೀಟರಿಗಿಂತ ಕಡಿಮೆ. ನಮ್ಮ ಕಾಲದ 22 ಸೆಂಟಿಮೀಟರ್ ಸಂದಿನ ಕಥೆ ಹೇಳಿದೆ. ಚಪಾತಿ ಫಾಯಿಲಿನ ಕಡೆ ಬಂದಾಗ ಅವಳು ನಕ್ಕಳು. ಅವರ ಲ್ಯಾಬಿನ ಡ್ರಾಯರಿನಲ್ಲೂ ಒಂದು ರೋಲ್ ಇದೆಯಂತೆ, ತಾಮ್ರದ ಟೇಪಿನ ಪಕ್ಕದಲ್ಲಿ.

ಹೊರಡುವಾಗ ಪೆಟ್ಟಿಗೆಯ ಜೊತೆ ನಾನು ಸುಟ್ಟ ತುಂಡನ್ನೂ ಕೇಳಿ ಇಸಿದುಕೊಂಡು, ಕವರಿಗೆ ಹಾಕಿ ಮೇಲೆ ನಂಬರ್ ಬರೆದಳು. ಕಂಪನಿಗೆ ಸ್ಯಾಂಪಲ್ಲಿನ ಲೆಕ್ಕ ಒಪ್ಪಿಸಬೇಕಂತೆ. ತಾರಸಿಯ ನೆಲದಲ್ಲಿ ಉಳಿದ ಕಪ್ಪು ಹುಳುಗಳನ್ನು ಮರುದಿನ ನಾನೇ ಗುಡಿಸಿದೆ.